ಮುಳ್ಳು ನಡುವೆ ನಿಂತಿದ್ದರೆ ಸಾಕೇ? ಕಾರಿನ ಟೆಂಪರೇಚರ್ ಗೇಜ್ ಕುರಿತ ಪ್ರಶ್ನೆಗಳಿಗೆ ಉತ್ತರ

ಬಿಸಿಲು ಬಲಿತ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು: ಡ್ಯಾಶ್‌ಬೋರ್ಡಿನಲ್ಲಿ ಸಿ (ತಣ್ಣಗೆ) ಮತ್ತು ಎಚ್ (ಬಿಸಿ) ನಡುವೆ ಓಡಾಡುವ ಪುಟ್ಟ ಮುಳ್ಳು. ಸಕಲೇಶಪುರದಲ್ಲಿ ಹೆದ್ದಾರಿಯ ಬದಿಗೆ ಗ್ಯಾರೇಜು ಇಟ್ಟುಕೊಂಡಿರುವ ನನಗೆ ಈ ಮುಳ್ಳಿನ ಜೊತೆ ನಿತ್ಯ ವ್ಯವಹಾರ. ಶಿರಾಡಿ ಘಾಟಿ ಹತ್ತಿ ಬೋನೆಟ್ಟಿನಿಂದ ಹಬೆ ಬಿಡುತ್ತಾ ಬಂದ ಗಾಡಿಗಳು ಮೊದಲು ಬಂದು ನಿಲ್ಲುವುದು ನಮ್ಮಂಥವರ ಅಂಗಳದಲ್ಲೇ. ಈ ಬಾರಿ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರ ಹಳೆಯ ಕಾರಿನಲ್ಲಿ ಘಾಟಿ ಹತ್ತುವಾಗ ಮುಳ್ಳು ಮೇಲೇರುತ್ತಿತ್ತು, ಇಳಿಯುವಾಗ ಕೆಳಗೆ ಬರುತ್ತಿತ್ತು. ನನ್ನ ಹೊಸ ಕಾರಿನಲ್ಲಿ ಅದು ನಡುಮಧ್ಯಕ್ಕೆ ಬಂದು ನಿಂತರೆ ಮತ್ತೆ ಅಲುಗಾಡುವುದೇ ಇಲ್ಲ. ಗೇಜ್ ಕೆಟ್ಟಿದೆಯೇ? (ಹಾಸನದ ಓದುಗರು)

ಉತ್ತರ: ಕೆಟ್ಟಿಲ್ಲ. ಅದನ್ನು ಹಾಗೆ ನಿಲ್ಲುವಂತೆಯೇ ಮಾಡಿದ್ದಾರೆ. ನಿಮ್ಮ ತಂದೆಯವರ ಕಾರಿನಲ್ಲಿ ಎಂಜಿನ್ನಿನ ಸೆನ್ಸರಿನಿಂದ ಹೊರಟ ತಂತಿ ನೇರವಾಗಿ ಗೇಜಿಗೆ ಹೋಗುತ್ತಿತ್ತು. ಆ ಸೆನ್ಸರ್ ಒಳಗಿರುವುದು ಬಿಸಿ ಏರಿದಂತೆ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಕಡಿಮೆ ಮಾಡಿಕೊಳ್ಳುವ ಒಂದು ಚೂರು. ಎಂಜಿನ್ ತಣಿಸಲು ಒಳಗೆ ಹರಿಯುವ ದ್ರವ, ಅಂದರೆ ಕೂಲೆಂಟ್ (ನಾವು ಗ್ಯಾರೇಜಿನಲ್ಲಿ ನೀರು ಎನ್ನುವುದೂ ಇದನ್ನೇ), ನಾಲ್ಕು ಡಿಗ್ರಿ ಏರಿದರೆ ಮುಳ್ಳೂ ಅಷ್ಟು ಏರುತ್ತಿತ್ತು. ಈಗಿನ ಕಾರುಗಳಲ್ಲಿ ಸೆನ್ಸರಿಗೂ ಮುಳ್ಳಿಗೂ ನಡುವೆ ಕಂಪ್ಯೂಟರ್ ಕುಳಿತಿದೆ. ಕೂಲೆಂಟ್ ಸುಮಾರು 75 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸುಮಾರು 105ರವರೆಗೆ ಏನೇ ಇರಲಿ, ಅನೇಕ ಕಾರುಗಳಲ್ಲಿ ಮುಳ್ಳು ನಡುವೆಯೇ ನಿಲ್ಲುತ್ತದೆ. ಈ ಮಿತಿಗಳು ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಕ್ರಮ ಒಂದೇ. ಮುಳ್ಳು ಸ್ವಲ್ಪ ಅಲುಗಿದರೂ ಜನ ಹೆದರಿ ಸರ್ವಿಸ್ ಸೆಂಟರಿಗೆ ಓಡುತ್ತಾರೆ, ಆ ಹೆದರಿಕೆ ಬೇಡ ಎಂಬುದು ಇದರ ಹಿಂದಿನ ಲೆಕ್ಕ.

ನನಗೆ ಈ ಏರ್ಪಾಡು ಹಿಡಿಸುವುದಿಲ್ಲ. ಶಿರಾಡಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿ ಕಡೆಗೆ ಏರುವಾಗ ನನ್ನ ಕಾರಿನ ಕೂಲೆಂಟ್ 90ರಿಂದ 102 ಡಿಗ್ರಿಯವರೆಗೂ ಹೋಗುತ್ತದೆ. ಮುಳ್ಳು ಮಾತ್ರ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಅದು ಸರಿಯಲು ಶುರುಮಾಡುವ ಹೊತ್ತಿಗೆ ಯೋಚನೆ ಮಾಡಲು ಉಳಿದಿರುವ ಸಮಯ ಬಹಳ ಕಡಿಮೆ. ಆದ್ದರಿಂದ ಹೊಸ ಕಾರಿನ ಮುಳ್ಳು ನಡುವನ್ನು ಬಿಟ್ಟು ಎಚ್ ಕಡೆಗೆ ಒಂದು ಗೆರೆ ಹೋಯಿತೆಂದರೆ ‘ನೋಡೋಣ’ ಎನ್ನಬೇಡಿ. ಹಳೆಯ ಕಾರಿನಲ್ಲಿ ಅದು ಬರೀ ಸುದ್ದಿ. ಹೊಸದರಲ್ಲಿ ಅದೇ ಎಚ್ಚರಿಕೆ.

ನಿಜವಾದ ಸಂಖ್ಯೆ ನೋಡಬೇಕೆಂದಿದ್ದರೆ ದಾರಿ ಇದೆ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, ಹದಿನಾರು ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಮೆಕ್ಯಾನಿಕ್‌ಗಳು ಸ್ಕ್ಯಾನರ್ ಚುಚ್ಚುವುದು ಅಲ್ಲೇ. ಅದಕ್ಕೆ ಹಾಕುವ ಬೆಂಕಿಪೆಟ್ಟಿಗೆ ಗಾತ್ರದ ಬ್ಲೂಟೂತ್ ರೀಡರ್ ಅಂಗಡಿಗಳಲ್ಲಿ ಸಿಗುತ್ತದೆ, ಮೊಬೈಲಿನಲ್ಲಿ ಕೂಲೆಂಟ್ ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. ಒಂದು ವಾರ ನಿಮ್ಮ ದಿನದ ದಾರಿಯಲ್ಲಿ, ಒಮ್ಮೆ ಘಾಟಿಯಲ್ಲಿ ನೋಡಿಟ್ಟುಕೊಳ್ಳಿ. ಗಾಡಿ ಓಡಿಸುವಾಗ ಮೊಬೈಲ್ ನೋಡುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ಬಿಡಿ. ನಿಮ್ಮ ಕಾರಿಗೆ ಸಹಜವಾದದ್ದು ಯಾವುದು ಎಂದು ತಿಳಿದುಬಿಟ್ಟರೆ ಸಹಜವಲ್ಲದ್ದು ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಚಾರ್ಮಾಡಿ ಘಾಟಿ ಹತ್ತುವಾಗ ಮುಳ್ಳು ಎಚ್ ಹತ್ತಿರ ಹೋಯಿತು. ನಿಲ್ಲಿಸಬೇಕೆನ್ನುವಷ್ಟರಲ್ಲಿ ತಾನಾಗಿಯೇ ಕೆಳಗಿಳಿದು ಸಿ ಹತ್ತಿರ ಬಂತು. ಸರಿಹೋಯಿತು ಎಂದುಕೊಂಡು ಮುಂದುವರಿದೆ. ಕೊಟ್ಟಿಗೆಹಾರ ತಲುಪುವ ಮೊದಲೇ ಎಂಜಿನ್ ಬಡಿದುಕೊಂಡು ನಿಂತಿತು. ಈಗ ಹೆಡ್ (ಎಂಜಿನ್ನಿನ ಮೇಲಿನ ಭಾಗ) ಬೆಂಡ್ ಆಗಿದೆ, ಗ್ಯಾಸ್ಕೆಟ್ (ಅದರ ಕೆಳಗಿನ ಸೀಲ್) ಹೋಗಿದೆ ಎನ್ನುತ್ತಾರೆ. ಮುಳ್ಳು ತಣ್ಣಗಿದೆ ಎಂದು ತೋರಿಸುತ್ತಿದ್ದಾಗ ಎಂಜಿನ್ ಕುದಿಯಲು ಹೇಗೆ ಸಾಧ್ಯ? ಮೆಕ್ಯಾನಿಕ್ ನನ್ನಿಂದ ದುಡ್ಡು ಕೀಳುತ್ತಿಲ್ಲ ತಾನೇ? (ಬೆಳ್ತಂಗಡಿಯ ಓದುಗರು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗಾದದ್ದು ಎಷ್ಟೋ ಜನರಿಗೆ ಆಗುತ್ತದೆ, ಕಾರಣ ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮುಳ್ಳು ಎಂಜಿನ್ನಿನ ಬಿಸಿಯನ್ನು ಅಳೆಯುವುದಿಲ್ಲ. ಸೆನ್ಸರಿನ ತುದಿಯನ್ನು ಮುಟ್ಟಿ ಹೋಗುತ್ತಿರುವ ನೀರಿನ ಬಿಸಿಯನ್ನು ಮಾತ್ರ ಅಳೆಯುತ್ತದೆ. ಸೆನ್ಸರನ್ನು ಒಮ್ಮೆ ಬಿಚ್ಚಿ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಿರುಬೆರಳಿನ ತುದಿಯಷ್ಟು ಹಿತ್ತಾಳೆಯ ಮೂತಿ, ಹಿಂದೆ ಎರಡು ಪಿನ್ನಿನ ಪ್ಲಾಸ್ಟಿಕ್ ಕನೆಕ್ಟರ್. ನೀರು ತಣಿಸುವ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ವಾಲ್ವಿನ ಗೂಡಿನ ಹತ್ತಿರ, ಸಾಮಾನ್ಯವಾಗಿ ಎತ್ತರದ ಜಾಗದಲ್ಲಿ, ಆ ಮೂತಿ ನೀರಿನ ದಾರಿಯೊಳಗೆ ಇಣುಕಿಕೊಂಡಿರುತ್ತದೆ. ನೀರು ಸೋರಿ ಕಡಿಮೆಯಾದರೆ ಮೊದಲು ಬರಿದಾಗುವುದು ಎತ್ತರದ ಜಾಗವೇ. ಅಲ್ಲಿ ಗಾಳಿ ಮತ್ತು ಹಬೆ ತುಂಬಿಕೊಳ್ಳುತ್ತವೆ. ನೀರು ಮುಟ್ಟಿಸುವಷ್ಟು ಬಿಸಿಯನ್ನು ಗಾಳಿ ಮುಟ್ಟಿಸುವುದಿಲ್ಲ. ಹಿತ್ತಾಳೆಯ ಮೂತಿ ತಣ್ಣಗಾಗುತ್ತಾ ಬರುತ್ತದೆ, ಮುಳ್ಳು ಕೆಳಗಿಳಿಯುತ್ತದೆ. ಅದೇ ಹೊತ್ತಿನಲ್ಲಿ ಕೆಳಗೆ ಸಿಲಿಂಡರುಗಳ ಸುತ್ತ ಉಳಿದ ಚೂರುಪಾರು ನೀರು ಕುದಿದು ಆವಿಯಾಗುತ್ತಿರುತ್ತದೆ. ಮುಳ್ಳು ಇಳಿದದ್ದು ಎಂಜಿನ್ ತಣ್ಣಗಾಗಿ ಅಲ್ಲ, ನೀರು ಮುಗಿದು.

ಕಾರುಗಳ ಆರಂಭದ ಕಾಲದಲ್ಲಿ ಈ ಅಳತೆ ಸಾಮಾನ್ಯವಾಗಿ ಕಾರಿನ ಒಳಗೆ ಇರುತ್ತಿರಲಿಲ್ಲ. 1910ರ ದಶಕದಲ್ಲಿ ಅಮೆರಿಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವನ್ನು ರೇಡಿಯೇಟರ್ ಮುಚ್ಚಳದ ಮೇಲೆ ನಿಲ್ಲಿಸುತ್ತಿದ್ದರು. ಚಾಲಕ ಮುಂದಿನ ಗಾಜಿನಾಚೆ ಕಣ್ಣು ಹಾಯಿಸಿ ಅದನ್ನು ಓದಬೇಕಾಗಿತ್ತು. ಅದು ನೀರಿನೊಳಗೆ ಮುಳುಗದೆ, ನೀರಿನ ಮೇಲೆ ಕವಿದ ಆವಿಯ ಬಿಸಿಯನ್ನೇ ಅಳೆಯುತ್ತಿತ್ತು. ಈಗಿನ ಸೆನ್ಸರ್ ಅದಕ್ಕಿಂತ ಎಷ್ಟೋ ಪಾಲು ಕರಾರುವಾಕ್ಕು, ಆದರೆ ಅದಕ್ಕೆ ನೀರು ಬೇಕು.

ಹಾಗಾದರೆ ದಾರಿಯಲ್ಲಿ ಇದನ್ನು ಹೇಗೆ ಗುರುತಿಸುವುದು? ಒಂದು, ಎಚ್ ಹತ್ತಿರ ಹೋದ ಮುಳ್ಳು ಏರುದಾರಿಯಲ್ಲಿ, ಆಕ್ಸಿಲರೇಟರ್ ತುಳಿದಿರುವಾಗಲೇ ಸರ್ರನೆ ಇಳಿಯಲು ಕಾರಣವೇ ಇಲ್ಲ. ಇಳಿಯಿತೆಂದರೆ ಅನುಮಾನ ಪಡಿ. ಇನ್ನೊಂದು, ಹೀಟರ್ ಹಾಕಿ ನೋಡಿ. ಕಾರಿನ ಹೀಟರಿಗೆ ಬಿಸಿ ಬರುವುದು ಎಂಜಿನ್ನಿನ ಕೂಲೆಂಟಿನಿಂದಲೇ. ಬಿಸಿಯಾದ ಎಂಜಿನ್ ಇದ್ದೂ ಹೀಟರ್ ತಣ್ಣನೆಯ ಗಾಳಿ ಊದಿದರೆ ಅಲ್ಲಿಗೆ ನೀರು ಹೋಗುತ್ತಿಲ್ಲ ಎಂದೇ ಅರ್ಥ. ಆ ಕ್ಷಣದಲ್ಲೇ ಪಕ್ಕಕ್ಕೆ ಹಾಕಿ ಕೀ ಆರಿಸಬೇಕು.

ಮುಳ್ಳು ಬರೀ ಏರುತ್ತಿದ್ದು ಇನ್ನೂ ಎಚ್ ಮುಟ್ಟಿಲ್ಲ, ನಿಲ್ಲಿಸಲು ಜಾಗವಿಲ್ಲ ಎಂದಿಟ್ಟುಕೊಳ್ಳಿ. ಚಾರ್ಮಾಡಿಯ ತಿರುವುಗಳಲ್ಲಿ ಹಾಗಾಗುವುದು ಸಹಜ. ಆಗ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಕಿಟಕಿಗಳನ್ನು ಇಳಿಸಿ. ಸೆಖೆಗೆ ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಹೀಟರ್ ಎಂಬುದು ಒಂದು ಚಿಕ್ಕ ರೇಡಿಯೇಟರೇ. ಮೇಲಿನ ಗೇರಿನಲ್ಲಿ ಎಂಜಿನ್ ತಿಣುಕುವಂತೆ ಎಳೆಸಬೇಡಿ, ಒಂದು ಗೇರ್ ಇಳಿಸಿ. ಬೆಲ್ಟಿನಿಂದ ತಿರುಗುವ ವಾಟರ್ ಪಂಪು ಆಗ ಚುರುಕಾಗಿ ನೀರು ತಳ್ಳುತ್ತದೆ. ಅಗಲವಾದ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ.

ನಿಲ್ಲಿಸಿದ ಮೇಲೆ ಜನ ಮಾಡುವ ಕೆಲಸಗಳಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ರೇಡಿಯೇಟರ್ ಮುಚ್ಚಳ ತಿರುಗಿಸುವುದು. ಆ ಮುಚ್ಚಳ ಪ್ರೆಷರ್ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒಳಗಿನ ಒತ್ತಡವನ್ನು ಹಿಡಿದಿಟ್ಟು ನೀರು ನೂರು ಡಿಗ್ರಿಗೆ ಕುದಿಯದಂತೆ ತಡೆಯುತ್ತಿರುತ್ತದೆ. ಬಿಸಿಯಿರುವಾಗ ತೆಗೆದರೆ ಒತ್ತಡ ಇಳಿದು ಒಳಗಿನದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ. ಮುಖ, ಕುತ್ತಿಗೆ ಬೆಂದ ಹುಡುಗರನ್ನು ನೋಡಿದ್ದೇನೆ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಮೇಲಿನ ದಪ್ಪ ಹೋಸ್ ಪೈಪನ್ನು ಬಟ್ಟೆ ಸುತ್ತಿ ಹಿಸುಕಿ ನೋಡಿ. ಮೆತ್ತಗಿದ್ದರೆ ಮಾತ್ರ, ಅದೂ ದಪ್ಪ ಬಟ್ಟೆ ಹಿಡಿದು, ಮುಖ ದೂರವಿಟ್ಟು, ನಿಧಾನವಾಗಿ ತಿರುಗಿಸಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಲೂಬೇಡಿ. ಲೋಹ ಬಿರುಕು ಬಿಡುತ್ತದೆ.

ಈಗ ನಿಮ್ಮ ಮೆಕ್ಯಾನಿಕ್ ವಿಚಾರ. ಅವರು ಹೇಳಿದ್ದು ನಂಬುವಂಥದ್ದೇ. ಈಗಿನ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು, ನೀರಿಲ್ಲದೆ ಕಾದರೆ ಬಾಗುತ್ತದೆ. ಆದರೂ ಬಾಯಿಮಾತಿಗೆ ದುಡ್ಡು ಕೊಡಬೇಕಾಗಿಲ್ಲ, ನಿಮ್ಮ ಕಣ್ಣೆದುರು ತೋರಿಸಲು ಕೇಳಿ. ಬಿಚ್ಚಿದ ಹೆಡ್ಡನ್ನು ಚೊಕ್ಕ ಮಾಡಿ ಮಗುಚಿ ಇಟ್ಟು, ಅದರ ಮೇಲೆ ಉಕ್ಕಿನ ನೇರ ಪಟ್ಟಿ ಇಡುತ್ತಾರೆ. ಪಟ್ಟಿಗೂ ಹೆಡ್ಡಿಗೂ ನಡುವೆ ಫೀಲರ್ ಗೇಜಿನ ತೆಳುವಾದ ಎಲೆ ತೂರಿಸಿ ನೋಡುತ್ತಾರೆ. ಹಲವು ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ 0.05 ಮಿಲಿಮೀಟರಿನ ಎಲೆ ಸಲೀಸಾಗಿ ತೂರಿದರೆ ಹೆಡ್ ಬಾಗಿದೆ ಎಂದು ಲೆಕ್ಕ. ನಿಮ್ಮ ಎಂಜಿನ್ನಿನ ಮಿತಿ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಎಂಜಿನ್ ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಗ್ಯಾಸ್ಕೆಟ್ ದಾಟಿ ನೀರು ಆಯಿಲ್ ಸೇರಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ. ಇಷ್ಟೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ನೀರು ಎಲ್ಲಿಂದ ಹೋಯಿತು? ಬಿರಿದ ಹೋಸ್, ಪಂಪಿನ ಸೀಲ್, ರೇಡಿಯೇಟರಿನ ಪ್ಲಾಸ್ಟಿಕ್ ಅಂಚು, ಯಾವುದೋ ಒಂದು ಇದ್ದೇ ಇದೆ. ಅದನ್ನು ಹುಡುಕದೆ ಹೆಡ್ ಕೂರಿಸಿ ಕಳುಹಿಸಿದರೆ ಮುಂದಿನ ಘಾಟಿಯಲ್ಲಿ ಇದೇ ಕಥೆ.

ಪ್ರಶ್ನೆ: ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಮುಳ್ಳು ಮೇಲೇರುತ್ತದೆ. ಗಾಡಿ ಓಡತೊಡಗಿದರೆ ಇಳಿಯುತ್ತದೆ. ಏನು ಕಾರಣ? (ಬೆಂಗಳೂರಿನ ಓದುಗರು)

ಉತ್ತರ: ಫ್ಯಾನ್ ನೋಡಿಸಿ. ಗಾಡಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ವಿದ್ಯುತ್ ಫ್ಯಾನಿನದು. ನೀವೇ ಪರೀಕ್ಷಿಸಬಹುದು. ಬೋನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದೊಡನೆ ಫ್ಯಾನ್ ತಿರುಗಬೇಕು. ಕೈ ಮಾತ್ರ ದೂರವಿರಲಿ, ಸೀರೆಯ ಸೆರಗು, ದುಪಟ್ಟಾ ಕೂಡ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್, ಈ ಕ್ರಮದಲ್ಲಿ ನೋಡಿಸಿ. ಎಷ್ಟೋ ಸಲ ಸಣ್ಣ ಬೆಲೆಯ ರಿಲೇಯಲ್ಲೇ ಕೆಲಸ ಮುಗಿಯುತ್ತದೆ, ನೇರವಾಗಿ ಹೊಸ ಮೋಟಾರಿಗೆ ಒಪ್ಪಬೇಡಿ.

ಇದಕ್ಕೆ ತಿರುಗುಮುರುಗಾದ ಲಕ್ಷಣವೂ ಉಂಟು. ಸಿಗ್ನಲ್ಲಿನಲ್ಲಿ ಏನೂ ಆಗದೆ ತುಮಕೂರು ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಹೋದಾಗ ಮುಳ್ಳು ಏರಿದರೆ ಫ್ಯಾನನ್ನು ಬೈಯಬೇಡಿ. ಆಗ ನೀರು ಹರಿಯುವ ದಾರಿ ಕಟ್ಟಿಕೊಂಡಿದೆ: ರೇಡಿಯೇಟರ್ ಒಳಗೆ ಕೊಳೆ ಕಟ್ಟಿದೆ, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿದೆ, ಇಲ್ಲವೇ ಪಂಪು ಸೋತಿದೆ. ನಿಂತಾಗ ಏರುವುದೋ, ಓಡುವಾಗ ಏರುವುದೋ ಎಂದು ಸರಿಯಾಗಿ ನೋಡಿ ಹೇಳುವ ಗಿರಾಕಿ ಬಂದರೆ ನನ್ನ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ಚಳಿಗಾಲದಲ್ಲಿ ನನ್ನ ಜೀಪಿನ ಮುಳ್ಳು ನಡುವಿಗೆ ಬರುವುದೇ ಇಲ್ಲ, ಇಳಿಜಾರಿನಲ್ಲಿ ಸಿ ಮುಟ್ಟುತ್ತದೆ. ಮೆಕ್ಯಾನಿಕ್ ಕೇಳಿದರೆ ‘ಥರ್ಮೋಸ್ಟಾಟ್ ವಾಲ್ವ್ ತೆಗೆದುಹಾಕಿದ್ದೇನೆ, ನಮ್ಮ ದೇಶದ ಬಿಸಿಲಿಗೆ ಅದು ಬೇಡ, ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು’ ಎಂದರು. ನಿಜವೇ? (ಮೂಡಿಗೆರೆಯ ಕಾಫಿ ಬೆಳೆಗಾರರು)

ಉತ್ತರ: ನಿಜವಲ್ಲ. ನಮ್ಮ ಕಸುಬಿನಲ್ಲಿ ಬಹಳ ಕಾಲದಿಂದ ಬೇರೂರಿರುವ ತಪ್ಪು ಇದು, ಇದರಿಂದ ಹಾಳಾದ ಎಂಜಿನ್‌ಗಳನ್ನು ಬಿಚ್ಚಿದವನಾಗಿ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಥರ್ಮೋಸ್ಟಾಟ್ ಎಂಬುದು ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ಬಾಗಿಲು. ತಣ್ಣಗಿರುವಾಗ ಮುಚ್ಚಿಕೊಂಡಿದ್ದು ಎಂಜಿನ್ ಬೇಗ ಬಿಸಿಯಾಗಲು ಬಿಡುತ್ತದೆ, ಬಿಸಿಯಾದ ಮೇಲೆ ತೆರೆಯುತ್ತದೆ. ಎಂಜಿನ್ ತಣ್ಣಗಿದೆ ಎಂದು ಕಂಡರೆ ಕಂಪ್ಯೂಟರ್ ಹೆಚ್ಚು ಇಂಧನ ಸುರಿಯುತ್ತದೆ. ಕಂಪ್ಯೂಟರ್ ಇಲ್ಲದ ಹಳೆಯ ಜೀಪಿನಲ್ಲಿಯೂ ಇಂಧನ ಸರಿಯಾಗಿ ಉರಿಯುವುದಿಲ್ಲ. ಆಯಿಲ್ ಹದಕ್ಕೆ ಬರುವುದಿಲ್ಲ, ಅದರೊಳಗೆ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ, ಪಿಸ್ಟನ್ ರಿಂಗುಗಳು ಬೇಗ ಸವೆಯುತ್ತವೆ. ಮೈಲೇಜ್ ಇಳಿಯುವುದು ನಿಮಗೆ ಆಗಲೇ ಗೊತ್ತಾಗಿರಬೇಕು.

ಇನ್ನೊಂದು ವಿಚಾರ ಮೆಕ್ಯಾನಿಕ್‌ಗಳಲ್ಲೇ ಅನೇಕರಿಗೆ ಹೊಳೆಯುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಂಡಾಗ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟನ್ನೇ ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ. ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಅಂಥ ಗಾಡಿ ಚಳಿಯಲ್ಲಿ ಬಿಸಿಯಾಗದೆಯೂ, ಭಾರ ಹೊತ್ತು ಏರು ಹತ್ತುವಾಗ ಅತಿಯಾಗಿ ಕಾದೂ ಎರಡು ಕಡೆಯಿಂದ ಕಾಡುತ್ತದೆ.

ಹೊಸ ಥರ್ಮೋಸ್ಟಾಟ್ ತಂದು ಹಾಕಿಸುವ ಮೊದಲು ನೀವೇ ಪರೀಕ್ಷಿಸಿ. ಅದರ ಲೋಹದ ಅಂಚಿನಲ್ಲಿ 82 ಅಥವಾ 88 ಎಂಬಂಥ ಅಂಕಿ ಒತ್ತಿರುತ್ತಾರೆ, ಅದು ತೆರೆಯಲು ಶುರುವಾಗುವ ಡಿಗ್ರಿ. ಅಡುಗೆಗೆ ಬಳಸದ ಒಂದು ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ಇಳಿಬಿಡಿ. ಪಕ್ಕದಲ್ಲಿ ಪ್ರಯೋಗಶಾಲೆಯ ಉಷ್ಣಮಾಪಕ ಇರಲಿ, ಜ್ವರ ನೋಡುವುದು ಒಡೆದುಹೋಗುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿ. ಒಳಗಿನ ಪುಟ್ಟ ಡಬ್ಬಿಯಲ್ಲಿರುವ ಮೇಣ ಕರಗಿ ಹಿಗ್ಗುತ್ತಾ ಸ್ಪ್ರಿಂಗನ್ನು ಒತ್ತುತ್ತದೆ. ಮೊದಲು ಅಂಚಿನಲ್ಲಿ ಒಂದು ಕಪ್ಪು ಗೆರೆ ಕಾಣುತ್ತದೆ. ಡಿಗ್ರಿ ಏರಿದಂತೆ ಆ ಗೆರೆ ಬಾಯಿ ತೆರೆಯುತ್ತಾ ಹೋಗಿ, ಒತ್ತಿದ ಅಂಕಿಗಿಂತ ಹತ್ತು ಹನ್ನೆರಡು ಡಿಗ್ರಿ ಮೇಲೆ ಪೂರ್ತಿ ತೆರೆದುಕೊಳ್ಳುತ್ತದೆ. ಹೊರತೆಗೆದು ಇಟ್ಟರೆ ಮೆಲ್ಲನೆ ಮುಚ್ಚಬೇಕು. ನನ್ನ ಗ್ಯಾರೇಜಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆಲ್ಲ ನಾನು ಮೊದಲು ತೋರಿಸುವುದು ಇದನ್ನೇ. ಒಮ್ಮೆ ಇದು ತೆರೆಯುವುದನ್ನು ನೋಡಿದವರು ಆಮೇಲೆ ಯಾವ ಗಾಡಿಯಿಂದಲೂ ಅದನ್ನು ಕಿತ್ತೆಸೆಯುವುದಿಲ್ಲ.

ಪ್ರಶ್ನೆ: ನನ್ನ ಕಾರಿನಲ್ಲಿ ಗೇಜೇ ಇಲ್ಲ. ಬೆಳಿಗ್ಗೆ ಚಾಲೂ ಮಾಡಿದಾಗ ನೀಲಿ ದೀಪ ಹತ್ತಿ ಸ್ವಲ್ಪ ಹೊತ್ತಿಗೆ ಆರುತ್ತದೆ. ಇದೇನು? (ದಾವಣಗೆರೆಯ ವಿದ್ಯಾರ್ಥಿ)

ಉತ್ತರ: ನೀಲಿ ಎಂದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದು. ಆರುವವರೆಗೆ ಎಂಜಿನ್ನನ್ನು ಜೋರಾಗಿ ಕೂಗಿಸದೆ ಸಮಾಧಾನದಲ್ಲಿ ಓಡಿಸಿ, ಸಾಕು. ನಿಂತಲ್ಲೇ ಬಿಸಿ ಮಾಡುವ ಅಗತ್ಯವಿಲ್ಲ. ಅರ್ಧ ಗಂಟೆ ಓಡಿಸಿದರೂ ಆರದಿದ್ದರೆ ಮೇಲಿನ ಉತ್ತರದಲ್ಲಿ ಹೇಳಿದ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿರಬಹುದು. ಇದೇ ಜಾಗದಲ್ಲಿ ಕೆಂಪು ದೀಪ ಬಂದರೆ ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ ಎಂಬ ಲೆಕ್ಕ ಹಾಕಬೇಡಿ. ಗೇಜ್ ಇದ್ದ ಕಾರಿನವರಿಗೆ ಸಿಗುವ ಮುನ್ಸೂಚನೆಯೂ ನಿಮಗಿಲ್ಲ. ಹಾಗಾಗಿ ವಾರಕ್ಕೊಮ್ಮೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಬಾಟಲಿಯ ಎರಡು ಗೆರೆಗಳ ನಡುವೆ ಮಟ್ಟ ಇದೆಯೇ ಎಂದು ನೋಡುವ ಅಭ್ಯಾಸ ನಿಮ್ಮಂಥವರಿಗೆ ಬಹಳ ಮುಖ್ಯ.

ಪ್ರಶ್ನೆ: ರಾತ್ರಿ ಹೆಡ್‌ಲೈಟ್ ಹಾಕಿದರೆ ಮುಳ್ಳು ಸ್ವಲ್ಪ ಏರುತ್ತದೆ, ಆರಿಸಿದರೆ ಇಳಿಯುತ್ತದೆ. (ಗದಗಿನ ಓದುಗರು)

ಉತ್ತರ: ದೀಪದಿಂದ ನೀರು ಬಿಸಿಯಾಗುವುದಿಲ್ಲ. ಹಳೆಯ ಕಾರಾದರೆ ಅರ್ತ್ ತಂತಿ ಸಡಿಲವಾಗಿದೆ, ಇಲ್ಲವೇ ತುಕ್ಕು ಹಿಡಿದಿದೆ. ಬ್ಯಾಟರಿಯಿಂದ ಕಾರಿನ ಮೈಗೆ, ಮೈಯಿಂದ ಎಂಜಿನ್ನಿಗೆ, ಡ್ಯಾಶ್‌ಬೋರ್ಡಿನ ಹಿಂದೆ, ಈ ಮೂರು ಕಡೆ ಬಿಚ್ಚಿ ಉಜ್ಜಿ ಬಿಗಿಸಲು ಹೇಳಿ. ಸೆನ್ಸರ್ ಬದಲಿಸಲು ದುಡ್ಡು ಹಾಕಬೇಡಿ.

ಪ್ರಶ್ನೆ: ಕೂಲೆಂಟ್ ದುಬಾರಿ. ನಮ್ಮ ಕೊಳವೆಬಾವಿಯ ನೀರನ್ನೇ ರೇಡಿಯೇಟರಿಗೆ ಹಾಕುತ್ತಿದ್ದೇನೆ. ಬೇಸಿಗೆಯಲ್ಲಿ ಮುಳ್ಳು ಈಚೆಗೆ ನಡುವಿಗಿಂತ ಮೇಲೆಯೇ ಇರುತ್ತದೆ. ಸಂಬಂಧ ಇದೆಯೇ? (ಕೋಲಾರದ ರೈತರು)

ಉತ್ತರ: ನೇರವಾದ ಸಂಬಂಧ ಇದೆ. ನಿಮ್ಮ ಮನೆಯ ನೀರೊಲೆಯ ಹಂಡೆಯೊಳಗೆ ಕಟ್ಟುವ ಬಿಳಿ ಗಾರೆ ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ ಕಟ್ಟುತ್ತದೆ. ಬಿಸಿ ಹೊರಗೆ ದಾಟುವುದಿಲ್ಲ, ನೀರೂ ಸರಿಯಾಗಿ ಹರಿಯುವುದಿಲ್ಲ. ಅದರ ಮೇಲೆ ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ಮದ್ದು ಬರೀ ನೀರಿನಲ್ಲಿ ಇಲ್ಲ. ಕುದಿಯುವ ಲೆಕ್ಕವನ್ನೂ ನೋಡಿ. ಕೋಲಾರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 1.1 ಬಾರ್ ಒತ್ತಡ ಹಿಡಿಯುವ ಚೆನ್ನಾಗಿರುವ ಮುಚ್ಚಳ ಹಾಕಿದರೆ ಬರೀ ನೀರು ಸುಮಾರು 120ರವರೆಗೆ ತಡೆಯುತ್ತದೆ, ಸಮಪಾಲು ಕೂಲೆಂಟ್ ಬೆರೆಸಿದ್ದು ಇನ್ನೂ ಕೆಲವು ಡಿಗ್ರಿ ಮೇಲಕ್ಕೆ. ಮುಚ್ಚಳದ ರಬ್ಬರ್ ಬಿರಿದಿದ್ದರೆ ಈ ಲಾಭವೆಲ್ಲ ಹೋಯಿತು. ಆದ್ದರಿಂದ ಮೊದಲು ಮುಚ್ಚಳ ಬದಲಿಸಿ, ಅದರ ಬೆಲೆ ಹೆಚ್ಚಿಲ್ಲ. ಆಮೇಲೆ ರೇಡಿಯೇಟರ್ ತೊಳೆಸಿ, ಕಂಪನಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ಹಾಕಿಸಿ. ಗಾಢವಾದ ಕೂಲೆಂಟ್ ತಂದಿದ್ದರೆ ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ತುಂಬಿಸಿದ ಮೇಲೆ ಒಳಗೆ ಗಾಳಿ ಉಳಿಯದಂತೆ ತೆಗೆಯಲೇಬೇಕು, ಇಲ್ಲದಿದ್ದರೆ ಬೆಳ್ತಂಗಡಿಯವರ ಮುಳ್ಳಿನಂತೆ ನಿಮ್ಮದೂ ತಪ್ಪು ಹೇಳುತ್ತದೆ. ನಡುದಾರಿಯಲ್ಲಿ ಅನಿವಾರ್ಯವಾದರೆ ಯಾವ ನೀರಾದರೂ ಸರಿ, ಎಂಜಿನ್ ಉಳಿಯುವುದು ಮುಖ್ಯ. ಊರಿಗೆ ಬಂದ ಮೇಲೆ ಅದನ್ನು ಇಳಿಸಿ ಹೊಸದು ಹಾಕಿಸಿ.

ಇಳಿಸಿದ ಹಳೆಯ ಕೂಲೆಂಟನ್ನು ಅಂಗಳದಲ್ಲಿ ಬಾಣಲೆಯಲ್ಲಿ ತೆರೆದು ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ದನ, ಸಣ್ಣ ಮಕ್ಕಳು ಬಾಯಿ ಹಾಕುವ ಅಪಾಯವಿದೆ. ಮುಚ್ಚಳವಿರುವ ಡಬ್ಬಿಗೆ ತುಂಬಿ, ಮೇಲೆ ವಿಷ ಎಂದು ಬರೆದು, ಗ್ಯಾರೇಜಿಗೆ ವಾಪಸ್ ಕೊಟ್ಟುಬಿಡಿ.